ಜ್ವರ ಬಿಟ್ಟ ಮೇಲೆ ಕಾಲು ಸೋತರೆ: ಮನೆಯವರು ಗಮನಿಸಬೇಕಾದ್ದು, ಮಾಡಬೇಕಾದ್ದು

ಡೆಂಗಿ, ಚಿಕುನ್‌ಗುನ್ಯಾ, ಫ್ಲೂ, ಕೋವಿಡ್, ವಾಂತಿಭೇದಿ, ಇದರಲ್ಲಿ ಯಾವುದು ಬಂದು ಹೋದರೂ ಒಂದೆರಡು ವಾರ ಮೈಯಲ್ಲಿ ಸುಸ್ತು ಉಳಿಯುತ್ತದೆ. ಅದಕ್ಕೆ ಗಾಬರಿ ಬೇಡ. ಆದರೆ ನೂರಾರು ಜನರ ಈ ಸುಸ್ತಿನ ನಡುವೆ ಒಬ್ಬಿಬ್ಬರಿಗೆ ಆಗುವುದೇ ಬೇರೆ: ನರಕ್ಕೋ ಸ್ನಾಯುವಿಗೋ ಪೆಟ್ಟು ಬಿದ್ದು ಶಕ್ತಿಯೇ ಹೋಗುತ್ತದೆ. ಇದನ್ನು ಸುಸ್ತೆಂದು ತಿಳಿದು, ಟಾನಿಕ್ ಕುಡಿಸಿ, ಎಣ್ಣೆ ತಿಕ್ಕಿ, ಬಿ12 ಇಂಜೆಕ್ಷನ್ ಹಾಕಿಸಿ ಮೂರು ದಿನ ಕಾದರೆ, ಚಿಕಿತ್ಸೆಗೆ ಅತ್ಯಂತ ಬೆಲೆಯಿರುವ ದಿನಗಳು ಕೈಬಿಟ್ಟುಹೋಗುತ್ತವೆ.

ಸುಸ್ತೋ, ಶಕ್ತಿ ಹೋಗಿದೆಯೋ?

ಸುಸ್ತಾದವರಿಗೆ ಕೆಲಸ ಬೇಡವೆನಿಸುತ್ತದೆ, ಒತ್ತಾಯಿಸಿದರೆ ಮಾಡುತ್ತಾರೆ. ಶಕ್ತಿ ಹೋದವರು ಮಾಡಬೇಕೆಂದರೂ ಅಂಗ ಮಾತು ಕೇಳುವುದಿಲ್ಲ. ಇದನ್ನು ಮನೆಯಲ್ಲೇ ಐದು ನಿಮಿಷದಲ್ಲಿ ನೋಡಿಕೊಳ್ಳಬಹುದು. ಬೀಳದಂತೆ ಒಬ್ಬರು ಪಕ್ಕದಲ್ಲಿ ನಿಂತಿರಬೇಕು, ಅಷ್ಟೇ.

ಮೊದಲು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ಆಮೇಲೆ ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಿ. ಹಿಮ್ಮಡಿಯ ಮೇಲೆ ನಿಂತಾಗ ಪಾದದ ಮುಂಭಾಗ ನೆಲಕ್ಕೆ ಕುಸಿದರೆ ಮೊಣಕಾಲಿನ ಕೆಳಗಿನ ಸ್ನಾಯುಗಳು ಸೋತಿವೆ. ನಂತರ ಕುಕ್ಕರಗಾಲಲ್ಲಿ ಕೂರಿಸಿ, ಕೈಯೂರದೆ ಏಳಲು ಹೇಳಿ. ತೊಡೆಯ ಮೇಲೆ ಕೈಯಿಟ್ಟು ಹತ್ತಿಕೊಂಡು ಎದ್ದರೆ ಸೊಂಟ, ತೊಡೆ ಸೋತಿವೆ. ತಲೆ ಬಾಚುವುದು, ಅಂಗಿ ಗುಂಡಿ ಹಾಕುವುದು, ಅನ್ನ ಕಲಸಿ ಬಾಯಿಗಿಡುವುದು, ಇವು ಕೈಯ ಪರೀಕ್ಷೆ. ಕೊನೆಗೆ ಅಂಗಾತ ಮಲಗಿಸಿ, ದಿಂಬಿನಿಂದ ತಲೆಯನ್ನಷ್ಟೇ ಎತ್ತಿ ಐದು ಎಣಿಸುವವರೆಗೆ ಹಿಡಿಯಲು ಹೇಳಿ. ಈ ಕೊನೆಯದನ್ನು ಮರೆಯಬೇಡಿ. ಕತ್ತು ಎತ್ತಲು ಆಗದವರ ಉಸಿರಾಟದ ಸ್ನಾಯುಗಳೂ ಸಾಮಾನ್ಯವಾಗಿ ಸೋಲುವ ಹಾದಿಯಲ್ಲಿರುತ್ತವೆ.

ಹವಾಯಿ ಚಪ್ಪಲಿಯ ಬಗ್ಗೆಯೂ ಕೇಳಿ. ನರರೋಗ ತಜ್ಞರು ತಪ್ಪದೆ ಕೇಳುವ ಪ್ರಶ್ನೆ ಇದು: ಚಪ್ಪಲಿ ಕಾಲಿನಿಂದ ಜಾರುತ್ತಿದೆಯೇ? ಜಾರುವುದು ಗೊತ್ತಾಗುತ್ತಿದೆಯೇ? ಗೊತ್ತಾಗಿಯೂ ಬೆರಳಲ್ಲಿ ಹಿಡಿದುಕೊಳ್ಳಲು ಆಗದಿದ್ದರೆ ಶಕ್ತಿ ಹೋಗಿದೆ. ನಾಲ್ಕು ಹೆಜ್ಜೆ ಬಂದ ಮೇಲೆ ಚಪ್ಪಲಿ ಹಿಂದೆಯೇ ಉಳಿದಿದೆ ಎಂದು ತಿಳಿದರೆ ಸ್ಪರ್ಶಜ್ಞಾನ ಹೋಗಿದೆ. ಉತ್ತರವನ್ನು ದಿನಾಂಕದ ಸಮೇತ ಬರೆದಿಡಿ.

ಜ್ವರಕ್ಕೂ ಸೋಲಿಗೂ ನಡುವೆ ಎಷ್ಟು ದಿನ?

ಜ್ವರ ಯಾವತ್ತು ಶುರುವಾಯಿತು, ಯಾವತ್ತು ಬಿಟ್ಟಿತು, ಕಾಲು ಯಾವತ್ತು ಸೋತಿತು: ಈ ಮೂರು ದಿನಾಂಕ ಎಷ್ಟೋ ಸಲ ದುಬಾರಿ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತವೆ.

ಜ್ವರ ಇಳಿಯುತ್ತಿರುವಾಗಲೇ ಮಗು ಬೆಳಿಗ್ಗೆ ಎದ್ದು ಮೀನಖಂಡ ನೋವೆಂದು ಅಳುತ್ತದೆ, ತುದಿಗಾಲಲ್ಲಿ ನಡೆಯುತ್ತದೆ, ಇಲ್ಲವೇ ನಡೆಯಲು ಒಪ್ಪುವುದೇ ಇಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ, ಅದರಲ್ಲೂ ಫ್ಲೂ ಬಂದ ಮೇಲೆ, ಇದು ಸಾಮಾನ್ಯವಾಗಿ ಸ್ನಾಯುವಿನ ಉರಿಯೂತ, ಮಯೋಸೈಟಿಸ್. ಮೀನಖಂಡ ಮುಟ್ಟಿದರೆ ನೋವು. ರಕ್ತದಲ್ಲಿ ಸಿಕೆ, ಅಂದರೆ ಪೆಟ್ಟಾದ ಸ್ನಾಯುವಿನಿಂದ ಸೋರುವ ಕಿಣ್ವ, ಏರಿರುತ್ತದೆ, ಆದರೆ ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಎಂದಿನಂತೆ ಒದೆಯುತ್ತದೆ. ವಿಶ್ರಾಂತಿ ಕೊಟ್ಟು ಸಾಕಷ್ಟು ನೀರು ಕುಡಿಸಿದರೆ ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೇ ಸರಿಹೋಗುತ್ತದೆ. ಮೂತ್ರ ಮಾತ್ರ ನೋಡುತ್ತಿರಿ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿದೆ ಎಂದರ್ಥ, ಆಗ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಬೇಡಿ, ರಕ್ತಸ್ರಾವದ ಅಪಾಯವಿದೆ.

ಡೆಂಗಿ ಜ್ವರದ ಮೊದಲ ವಾರದಲ್ಲೇ, ನೋವಿಲ್ಲದೆ, ಕೆಲವೇ ಗಂಟೆಗಳಲ್ಲಿ ಕೈಕಾಲು ಎತ್ತಲಾಗದಂತೆ ಆದರೆ ರಕ್ತದ ಪೊಟ್ಯಾಶಿಯಂ ಕುಸಿದಿರಬಹುದು. ಇಲ್ಲಿ ಆಗುವ ಒಂದು ತಪ್ಪು ತೀರಾ ಸಾಮಾನ್ಯ: ‘ಸುಸ್ತು’ ಎಂದು ಗ್ಲೂಕೋಸ್ ಬಾಟಲಿ ಏರಿಸುವುದು. ಗ್ಲೂಕೋಸ್ ಒಳಹೋದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ರಕ್ತದಲ್ಲಿ ಉಳಿದಿದ್ದ ಪೊಟ್ಯಾಶಿಯಂ ಅನ್ನೂ ಜೀವಕೋಶದೊಳಗೆ ತಳ್ಳುತ್ತದೆ, ಸೋಲು ಹೆಚ್ಚುತ್ತದೆ. ಬಾಟಲಿ ಏರಿಸುವ ಮೊದಲೇ ಸೋಡಿಯಂ, ಪೊಟ್ಯಾಶಿಯಂ ಪರೀಕ್ಷೆಯನ್ನೂ ಇಸಿಜಿಯನ್ನೂ ಕೇಳಿ. ಪೊಟ್ಯಾಶಿಯಂ 3.5ಕ್ಕಿಂತ ಕೆಳಗಿದ್ದರೆ ಕಡಿಮೆ. ಆಸ್ಪತ್ರೆಯಲ್ಲಿ ಸರಿಯಾಗಿ ತುಂಬಿಕೊಟ್ಟರೆ ಒಂದೆರಡು ದಿನದಲ್ಲಿ ರೋಗಿ ಎದ್ದು ನಡೆಯುತ್ತಾರೆ. ಎಳನೀರು, ಬಾಳೆಹಣ್ಣು ನಂಬಿ ಮನೆಯಲ್ಲಿ ಕೂರುವ ಹೊತ್ತಲ್ಲ ಇದು.

ಜ್ವರವೋ ಭೇದಿಯೋ ವಾಸಿಯಾಗಿ ಒಂದರಿಂದ ನಾಲ್ಕು ವಾರದ ನಂತರ, ಪಾದದಲ್ಲಿ ಜೋಮು ಶುರುವಾಗಿ, ಎರಡೂ ಕಾಲು ಸೋತು, ದಿನದಿಂದ ದಿನಕ್ಕೆ ಸೋಲು ಮೇಲಕ್ಕೆ ಹತ್ತುತ್ತಿದ್ದರೆ ಅದು ಗಿಲನ್-ಬಾರೆ ಸಿಂಡ್ರೋಮ್, ಎಲ್ಲರ ಬಾಯಲ್ಲಿ ಜಿಬಿಎಸ್. ಈ ಬರಹದ ಉಳಿದ ಭಾಗವೆಲ್ಲ ಬಹುಮಟ್ಟಿಗೆ ಇದರ ಬಗ್ಗೆಯೇ.

ಮುಖದ ಒಂದೇ ಕಡೆ ಸೋತು ಬಾಯಿ ವಾಲಿದರೆ, ಹಣೆ ಸುಕ್ಕು ಮಾಡಲು ಹೇಳಿ. ಆ ಕಡೆ ಹಣೆಯೂ ಸುಕ್ಕಾಗದೆ, ಕಣ್ಣೂ ಮುಚ್ಚದಿದ್ದರೆ ಮುಖದ ನರದ ಸೋಲು, ಬೆಲ್ಸ್ ಪಾಲ್ಸಿ ಇರಬಹುದು. 72 ಗಂಟೆಯೊಳಗೆ ಸ್ಟಿರಾಯ್ಡ್ ಶುರುವಾದರೆ ಲಾಭ ಹೆಚ್ಚು. ಹಗಲು ಕಣ್ಣಿಗೆ ತೇವದ ಡ್ರಾಪ್ಸ್, ರಾತ್ರಿ ಮುಲಾಮು ಹಚ್ಚಿ ರೆಪ್ಪೆಯನ್ನು ಟೇಪಿನಿಂದ ಮುಚ್ಚಿ. ಹಣೆ ಚೆನ್ನಾಗಿ ಸುಕ್ಕಾಗಿ ಬಾಯಿ ಮಾತ್ರ ವಾಲಿದ್ದರೆ ಅದು ಮೆದುಳಿನ ಪಾರ್ಶ್ವವಾಯುವಿನ ಲಕ್ಷಣ, ಆಗ ನಿಮಿಷಗಳ ಲೆಕ್ಕ. ಯಾವುದೆಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಉಳಿಯಬೇಡಿ.

ವೈರಸ್ಸಿನ ತಲೆಗೆ ಕಟ್ಟಬಾರದ ಇನ್ನೂ ಮೂರಿವೆ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ರೆಪ್ಪೆ ಎತ್ತಲಾಗದೆ, ನುಂಗಲಾಗದೆ ಎದ್ದರೆ ಕಟ್ಟುಹಾವಿನ ಕಡಿತವನ್ನು ಮೊದಲು ಯೋಚಿಸಿ. ಅದರ ಗಾಯ ಕಣ್ಣಿಗೆ ಕಾಣದೆಯೂ ಇರಬಹುದು, ಸೋಲು ಮೇಲಿನಿಂದ ಕೆಳಕ್ಕಿಳಿಯುತ್ತದೆ. ಹಿಂದಿನ ತಿಂಗಳುಗಳಲ್ಲಿ ನಾಯಿ ಕಚ್ಚಿದ್ದರೆ, ನಾಯಿಮರಿ ಪರಚಿದ್ದರೂ ಸಹ, ವೈದ್ಯರಿಗೆ ಹೇಳಲೇಬೇಕು. ರೇಬಿಸ್‌ನ ಒಂದು ರೂಪ ಥೇಟ್ ಜಿಬಿಎಸ್‌ನಂತೆಯೇ ಕಾಣುತ್ತದೆ. ಶುರುವಿನಲ್ಲೇ ಮೂತ್ರ ಕಟ್ಟಿ, ಹೊಟ್ಟೆಯ ಅಥವಾ ಎದೆಯ ಒಂದು ಗೆರೆಯಿಂದ ಕೆಳಗೆ ಸ್ಪರ್ಶವೇ ಇಲ್ಲದಿದ್ದರೆ ತೊಂದರೆ ಬೆನ್ನುಹುರಿಯಲ್ಲಿದೆ, ತುರ್ತಾಗಿ ಎಂಆರ್‌ಐ ಬೇಕು.

ಜಿಬಿಎಸ್‌ನಲ್ಲಿ ಒಳಗೆ ಆಗುವುದೇನು

1916ರಲ್ಲಿ ಫ್ರಾನ್ಸಿನ ಗಿಲನ್, ಬಾರೆ, ಸ್ಟ್ರೋಲ್ ಎಂಬ ವೈದ್ಯರು ಕಾಲು ಸೋತ ಇಬ್ಬರು ಸೈನಿಕರಲ್ಲಿ ಗುರುತಿಸಿದ ಕಾಯಿಲೆ ಇದು. ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು, ನರದ ಮೇಲಿನ ಅಂಶವೂ ರೋಗಾಣುವನ್ನೇ ಹೋಲುವುದರಿಂದ, ಗುರುತು ತಪ್ಪಿ ನರದ ಮೇಲೆಯೇ ಬೀಳುತ್ತವೆ. ಅದಕ್ಕೇ ಜ್ವರ ಪೂರ್ತಿ ಹೋದ ಮೇಲೆ ಇದು ಬರುವುದು. ವರ್ಷಕ್ಕೆ ಲಕ್ಷದಲ್ಲಿ ಒಬ್ಬಿಬ್ಬರಿಗೆ ಬರುವ ರೋಗ. ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಹಿಂದಿನ ವಾರಗಳಲ್ಲಿ ಗಂಟಲಿನದೋ ಹೊಟ್ಟೆಯದೋ ಸೋಂಕು ಆಗಿರುತ್ತದೆ. ವೈರಸ್ ಮಾತ್ರವೇ ಕಾರಣವಲ್ಲ. ಹೆಚ್ಚಾಗಿ ಸಿಗುವ ಕಾರಣ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಭಾಗದಲ್ಲಿ ಜಿಬಿಎಸ್ ಒಮ್ಮೆಲೇ ಏರಿದಾಗ ರೋಗಿಗಳ ಮಲದ ಮಾದರಿಗಳಲ್ಲಿ ಈ ಬ್ಯಾಕ್ಟೀರಿಯಾವೂ ನೊರೊವೈರಸ್ಸೂ ಸಿಕ್ಕಿದ್ದವು.

ನರದ ಮೇಲಿನ ಮಯಲಿನ್ ಹೊದಿಕೆಗೆ ಮಾತ್ರ ಪೆಟ್ಟಾಗಿದ್ದರೆ ಅದು ವಾರಗಳಲ್ಲೋ ಕೆಲವು ತಿಂಗಳಲ್ಲೋ ಮತ್ತೆ ಕೂಡಿಕೊಳ್ಳುತ್ತದೆ. ಒಳಗಿನ ಎಳೆಯೇ ತುಂಡಾಗಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯಬೇಕು. ಮೊಣಕಾಲಿನಿಂದ ಪಾದಕ್ಕೆ 40 ಸೆಂಟಿಮೀಟರ್ ಎಂದುಕೊಂಡರೆ ಒಂದು ವರ್ಷದ ಮೇಲಾಯಿತು. ಒಂದೇ ವಾರ್ಡಿನ ಇಬ್ಬರಲ್ಲಿ ಒಬ್ಬರು ತಿಂಗಳಲ್ಲಿ ನಡೆದು, ಇನ್ನೊಬ್ಬರು ವರ್ಷ ಹಿಡಿಯುವುದು ಹೀಗೆ.

ಉಸಿರನ್ನು ಅಳೆಯುವುದು

ಜಿಬಿಎಸ್‌ನಲ್ಲಿ ಪ್ರಾಣಕ್ಕೆ ಕುತ್ತು ತರುವುದು ಕಾಲಿನ ಸೋಲಲ್ಲ. 100ರಲ್ಲಿ 20ರಿಂದ 30 ಜನರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸುತ್ತಿದೆ ಎಂದು ಧೈರ್ಯವಾಗಿರುವುದೇ ಇಲ್ಲಿನ ದೊಡ್ಡ ಮೋಸ. ಇಲ್ಲಿ ಶ್ವಾಸಕೋಶ ಚೆನ್ನಾಗಿರುತ್ತದೆ, ಅದನ್ನು ಹಿಗ್ಗಿಸುವ ಸ್ನಾಯು ಸೋಲುತ್ತಿರುತ್ತದೆ. ಆಕ್ಸಿಮೀಟರ್‌ನ ಅಂಕಿ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಅದರ ಬದಲು ಎಣಿಸಿ. ರೋಗಿಯನ್ನು ಒರಗಿಸಿ ಕೂರಿಸಿ, ಎದೆ ತುಂಬ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಎಣಿಸಲು ಹೇಳಿ, ಸೆಕೆಂಡಿಗೆ ಎರಡು ಅಂಕಿಯ ವೇಗದಲ್ಲಿ. ಕನ್ನಡದಲ್ಲಿ ‘ಇಪ್ಪತ್ತೇಳು, ಇಪ್ಪತ್ತೆಂಟು’ ಎನ್ನುವಷ್ಟರಲ್ಲಿ ಉಸಿರು ಹೆಚ್ಚು ಖರ್ಚಾಗುತ್ತದೆ. ಆದ್ದರಿಂದ ಒಂದರಿಂದ ಹತ್ತು, ಮತ್ತೆ ಒಂದರಿಂದ ಹತ್ತು ಎಂದು ಹೇಳಿಸಿ, ಪ್ರತಿ ಹತ್ತಕ್ಕೆ ನೀವು ಒಂದು ಬೆರಳು ಮಡಿಸಿಕೊಳ್ಳಿ. ಆರೋಗ್ಯವಂತ ವಯಸ್ಕರು 40–50ರವರೆಗೆ ಹೋಗುತ್ತಾರೆ. 20ರ ಆಸುಪಾಸಿಗೆ ಇಳಿದರೆ ಐಸಿಯು ಬೇಕು. ಒಂದು ಅಂಕಿಗಿಂತ ಇಳಿಕೆ ಮುಖ್ಯ: ಬೆಳಿಗ್ಗೆ 38, ಮಧ್ಯಾಹ್ನ 30, ಸಂಜೆ 23 ಆಗಿದ್ದರೆ 20 ಆಗಲಿ ಎಂದು ಕಾಯಬೇಡಿ.

ಎಣಿಕೆಯ ಜೊತೆಗೆ ಬೇರೆ ಗುರುತುಗಳೂ ಕಣ್ಣಿಗೆ ಬೀಳಬೇಕು. ನೀರು ಕುಡಿದರೆ ನೆತ್ತಿಗೆ ಹತ್ತುವುದು, ದನಿ ಮೂಗಿನಲ್ಲಿ ಬರುವುದು, ಕೆಮ್ಮಿಗೆ ಜೋರಿಲ್ಲದಿರುವುದು, ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರುವುದು, ಮಾತಿನ ನಡುವೆ ಎರಡೆರಡು ಪದಕ್ಕೆ ನಿಲ್ಲುವುದು. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ, ಬಾಯಿಗೆ ಏನೂ ಹಾಕಬೇಡಿ, ತಲೆಯ ಭಾಗ ಎತ್ತರಿಸಿ ಒಯ್ಯಿರಿ. ವೆಂಟಿಲೇಟರ್ ಇರುವ, ನರರೋಗ ತಜ್ಞರು ಸಿಗುವ ಆಸ್ಪತ್ರೆಗೇ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂದು ದೂರದ ಜಿಲ್ಲೆಯಿಂದ ರಾತ್ರಿಯಿಡೀ ಕಾರಿನಲ್ಲಿ ಹೊರಡುವ ಮೊದಲು ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಉಸಿರಾಟ ತೋರಿಸಿಕೊಳ್ಳಿ. ದಾರಿಯಲ್ಲಿ ಉಸಿರು ಸೋತರೆ ಕಾರಿನಲ್ಲಿ ಮಾಡಲು ಏನೂ ಇರುವುದಿಲ್ಲ.

ಆಸ್ಪತ್ರೆಯಲ್ಲಿ

ವೈದ್ಯರು ಸುತ್ತಿಗೆಯಲ್ಲಿ ತಟ್ಟಿ ನೋಡಿ, ಮೊಣಕಾಲಿನ, ಹಿಮ್ಮಡಿಯ ಪ್ರತಿಕ್ರಿಯೆ ಇಲ್ಲದಿರುವುದನ್ನು ಕಂಡುಕೊಂಡೇ ಹೆಚ್ಚುಕಡಿಮೆ ತೀರ್ಮಾನಿಸುತ್ತಾರೆ. ನರದ ಪರೀಕ್ಷೆಯೂ, ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆಯೂ ಮೊದಲ ವಾರದಲ್ಲಿ ನಾರ್ಮಲ್ ಬರಬಹುದು. ಬೆನ್ನುನೀರಿನಲ್ಲಿ ಪ್ರೋಟೀನ್ ಏರುವುದಕ್ಕೆ ದಿನ ಹಿಡಿಯುತ್ತದೆ. ‘ರಿಪೋರ್ಟ್ ನಾರ್ಮಲ್, ಮನೆಗೆ ಹೋಗೋಣ’ ಎಂದು ಹೊರಟುಬಿಡಬೇಡಿ. ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಹೆದರಿಕೆಗೂ ಕಾರಣವಿಲ್ಲ. ಸೂಜಿ ಹಾಕುವ ಜಾಗ ಬೆನ್ನುಹುರಿ ಮುಗಿಯುವ ಮಟ್ಟಕ್ಕಿಂತ ಕೆಳಗಿದೆ.

ಚಿಕಿತ್ಸೆ ಎರಡು, ಎರಡರ ಫಲವೂ ಹೆಚ್ಚುಕಡಿಮೆ ಸಮ. ಐವಿಐಜಿ ಎಂದರೆ ದಾನಿಗಳ ರಕ್ತದಿಂದ ತೆಗೆದ ಇಮ್ಯುನೊಗ್ಲೋಬ್ಯುಲಿನ್: ತೂಕದ ಪ್ರತಿ ಕಿಲೋಗೆ ದಿನಕ್ಕೆ 0.4 ಗ್ರಾಂ, ಐದು ದಿನ. 60 ಕಿಲೋ ತೂಕದವರಿಗೆ ದಿನಕ್ಕೆ 24 ಗ್ರಾಂ, ಒಟ್ಟು 120 ಗ್ರಾಂ, ಅಂದರೆ 5 ಗ್ರಾಮಿನ 24 ವಯಲ್. ವಯಲ್‌ಗಳನ್ನು ಹೊರಗಿನ ಔಷಧಿ ಅಂಗಡಿಯಿಂದ ತರಬೇಕಾಗಿ ಬಂದರೆ ಈ ಲೆಕ್ಕ ಕೈಯಲ್ಲಿರಲಿ. ತೂಕವನ್ನು ಅಂದಾಜಿನಲ್ಲಿ ಹೇಳದೆ ತೂಗಿಸಿ ಹೇಳಿ, ತಂಪುಪೆಟ್ಟಿಗೆಯಲ್ಲೇ ತನ್ನಿ. ಮೊದಲ ಬಾಟಲಿ ನಿಧಾನವಾಗಿ ಹೋಗಬೇಕು. ತಲೆನೋವು, ಚಳಿ ಬಂದರೆ ನರ್ಸ್‌ಗೆ ಹೇಳಿ, ವೇಗ ಇಳಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಬೇಗ ಮುಗಿಯಲಿ ಎಂದು ಡ್ರಿಪ್ಪಿನ ಚಕ್ರವನ್ನು ನೀವು ತಿರುಗಿಸಬೇಡಿ. ಪ್ಲಾಸ್ಮಾ ಬದಲಾವಣೆ ಎಂದರೆ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಪ್ರತಿಕಾಯಗಳಿರುವ ದ್ರವ ಭಾಗವನ್ನು ತೆಗೆಯುವುದು, ಒಂದೆರಡು ವಾರದಲ್ಲಿ 4–5 ಸಲ. ಎಷ್ಟೋ ಕಡೆ ಇದರ ಖರ್ಚು ಕಡಿಮೆ. ಹಣವಿಲ್ಲ ಎಂದ ಮಾತ್ರಕ್ಕೆ ಚಿಕಿತ್ಸೆ ಇಲ್ಲ ಎಂದಲ್ಲ. ಇದನ್ನು ಮೊದಲ ದಿನವೇ ಕೇಳಿ. ಬಿಪಿಎಲ್ ಕಾರ್ಡ್, ಆಧಾರ್ ಜೊತೆಗೆ ತನ್ನಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ಏನು ಸಿಗುತ್ತದೆಂದು ವಿಚಾರಿಸಿ.

ಯಾವುದೇ ಆಗಲಿ, ಮೊದಲ ಎರಡು ವಾರದಲ್ಲಿ ಶುರುವಾಗಬೇಕು. ಐವಿಐಜಿ ಮುಗಿದೊಡನೆ ಪ್ಲಾಸ್ಮಾ ಬದಲಿಸಿದರೆ ಕೊಟ್ಟ ಔಷಧಿಯೇ ತೊಳೆದುಹೋಗುತ್ತದೆ. ಸುಧಾರಣೆ ಕಾಣಲಿಲ್ಲವೆಂದು ಮೊದಲನೆಯದರ ಬೆನ್ನಿಗೇ ಕೊಡುವ ಐವಿಐಜಿಯ ಎರಡನೇ ಕೋರ್ಸಿನಿಂದ ಹೆಚ್ಚಿನ ಲಾಭ ಕಂಡಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚು. ಜಿಬಿಎಸ್‌ಗೆ ಸ್ಟಿರಾಯ್ಡ್ ಉಪಯೋಗಕ್ಕೆ ಬರುವುದಿಲ್ಲ. ಚಿಕಿತ್ಸೆ ಮುಗಿದ ದಿನವೇ ಕಾಲು ಏಳುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಿ. ಔಷಧಿಯ ಕೆಲಸ ದಾಳಿಯನ್ನು ನಿಲ್ಲಿಸುವುದು, ರಿಪೇರಿ ನರವೇ ಮಾಡಿಕೊಳ್ಳಬೇಕು. ಹೆಚ್ಚಿನವರಲ್ಲಿ ಎರಡು ವಾರದಲ್ಲಿ, ತಪ್ಪಿದರೆ ನಾಲ್ಕು ವಾರದಲ್ಲಿ ಸೋಲು ಹೆಚ್ಚುವುದು ನಿಲ್ಲುತ್ತದೆ. ಆಮೇಲೆ ಕೆಲ ಕಾಲ ಇದ್ದಲ್ಲೇ ಇರುತ್ತದೆ, ಅಲ್ಲಿಂದ ಚೇತರಿಕೆ.

15 ವರ್ಷದೊಳಗಿನ ಮಗುವಿಗೆ ಹೀಗಾದರೆ ಆರೋಗ್ಯ ಇಲಾಖೆಯವರು ಬಂದು ಮಲದ ಎರಡು ಮಾದರಿ ಕೇಳುತ್ತಾರೆ: ಸೋಲು ಶುರುವಾದ 14 ದಿನದೊಳಗೆ, 24 ಗಂಟೆ ಅಂತರದಲ್ಲಿ. ಮಗುವಿಗೆ ಪೋಲಿಯೋ ಇದೆ ಎಂದಲ್ಲ, ಇಲ್ಲವೆಂದು ಸಾಬೀತು ಮಾಡಲು. ದೇಶ 2014ರಲ್ಲಿ ಪೋಲಿಯೋಮುಕ್ತ ಎಂದು ಘೋಷಿತವಾದ ಮೇಲೂ ಈ ಕಾವಲು ನಿಂತಿಲ್ಲ. ತಪ್ಪಿಸಬೇಡಿ.

ಹಾಸಿಗೆಯ ಪಕ್ಕ

ವೆಂಟಿಲೇಟರಿನಲ್ಲಿರುವ ಜಿಬಿಎಸ್ ರೋಗಿಗೆ ಸಾಮಾನ್ಯವಾಗಿ ಪೂರ್ತಿ ಎಚ್ಚರವಿರುತ್ತದೆ. ಕಿವಿ ಕೇಳುತ್ತದೆ, ಎಲ್ಲವೂ ಅರ್ಥವಾಗುತ್ತದೆ, ಬೆರಳೂ ಆಡದು, ಮಾತೂ ಬಾರದು. ಅವರ ಎದುರಿಗೇ ನಿಂತು ಖರ್ಚಿನ ಬಗ್ಗೆ, ‘ಉಳಿಯುತ್ತಾರೋ ಇಲ್ಲವೋ’ ಎಂದು ಮಾತಾಡುವುದನ್ನು ದಯವಿಟ್ಟು ನಿಲ್ಲಿಸಿ. ಅವರ ಜೊತೆ ಮಾತಾಡಲು ಒಂದು ಅಕ್ಷರಹಲಗೆ ಮಾಡಿ. ದೊಡ್ಡ ರಟ್ಟಿನ ಮೇಲೆ ಏಳು ಸಾಲು: ಸ್ವರಗಳು, ಕ ವರ್ಗ, ಚ ವರ್ಗ, ಟ ವರ್ಗ, ತ ವರ್ಗ, ಪ ವರ್ಗ, ಯದಿಂದ ಳದವರೆಗೆ. ನೀವು ಒಂದೊಂದೇ ಸಾಲಿನ ಮೇಲೆ ಬೆರಳಿಡಿ, ಬೇಕಾದ ಸಾಲು ಬಂದಾಗ ಅವರು ಒಮ್ಮೆ ಕಣ್ಣು ಮಿಟುಕಿಸಲಿ. ಆಮೇಲೆ ಆ ಸಾಲಿನ ಅಕ್ಷರಗಳ ಮೇಲೆ ಸರಿಯಿರಿ. ಕಾಗುಣಿತ, ಒತ್ತಕ್ಷರದ ಗೋಜು ಬೇಡ. ‘ಮ, ಗ, ಲ’ ಬಂದರೆ ಮಗ್ಗುಲು ಎಂದು ನೀವೇ ಊಹಿಸಿ ಕೇಳಿ. ಒಂದು ಮಿಟುಕು ಹೌದು, ಎರಡು ಮಿಟುಕು ಅಲ್ಲ. ರಟ್ಟಿನ ಮೇಲ್ಭಾಗದಲ್ಲಿ ದಿನಾ ಬೇಕಾಗುವ ಪದಗಳನ್ನು ಹಾಗೇ ಬರೆದುಬಿಡಿ: ನೋವು, ಕಫ, ಮಗ್ಗುಲು, ಸೆಕೆ, ಚಳಿ, ತುರಿಕೆ, ಭಯ. ರೆಪ್ಪೆಯೂ ಸೋತಿದ್ದರೆ ಕಣ್ಣುಗುಡ್ಡೆ ಮೇಲೆ–ಕೆಳಗೆ ಆಡಿಸುವುದೋ, ಹುಬ್ಬೋ, ಆಡುವುದು ಯಾವುದೋ ಅದನ್ನೇ ಗುರುತಾಗಿಟ್ಟುಕೊಳ್ಳಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಿಮ್ಮಡಿ, ಸೊಂಟದ ಹಿಂಭಾಗ, ತಲೆಯ ಹಿಂಭಾಗ ಕೆಂಪಾಗಿದೆಯೇ ದಿನಾ ನೋಡಿ. ಪಾದ ಮುಂದಕ್ಕೆ ಬಾಗಿ ಗಟ್ಟಿಯಾಗದಂತೆ 90 ಡಿಗ್ರಿಯಲ್ಲಿ ನಿಲ್ಲಿಸುವ ಸ್ಪ್ಲಿಂಟ್ ಹಾಕಿಸಿ. ಹೊದಿಕೆಯ ಭಾರವೂ ಪಾದವನ್ನು ಕೆಳಗೆಳೆಯುತ್ತದೆ, ಅದನ್ನು ಸಡಿಲ ಬಿಡಿ. ದಿನಕ್ಕೆ ಎರಡು ಸಲ ಪ್ರತಿ ಕೀಲನ್ನೂ ಫಿಸಿಯೋಥೆರಪಿಸ್ಟ್ ತೋರಿಸಿದಂತೆ ಹತ್ತು ಸಲ ಮೆಲ್ಲಗೆ ಆಡಿಸಿ. ಭುಜ ಹಿಡಿದು ಎಳೆದು ಎತ್ತಬೇಡಿ, ಸೋತ ಭುಜ ಕೀಲಿನಿಂದ ಜಾರುತ್ತದೆ. ಒಂದು ಕಾಲಿನ ಮೀನಖಂಡ ಮಾತ್ರ ಊದಿದರೆ ತಿಕ್ಕದೆ ವೈದ್ಯರನ್ನು ಕರೆಯಿರಿ. ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು. ಬೆನ್ನು, ತೊಡೆ ನೋವು ರಾತ್ರಿ ವಿಪರೀತವಾಗುವುದು ಈ ರೋಗದ್ದೇ ಗುಣ, ನಾಟಕವಲ್ಲ. ನರದ ನೋವಿಗೆ ಬೇರೆ ಮಾತ್ರೆಗಳಿವೆ, ಕೇಳಿ ಪಡೆಯಿರಿ. ಬಿಪಿ, ನಾಡಿ ಒಮ್ಮೆಲೇ ಏರಿಳಿಯಬಹುದಾದ್ದರಿಂದ ಮಲಗಿದವರನ್ನು ಥಟ್ಟನೆ ಎಬ್ಬಿಸಿ ಕೂರಿಸಬೇಡಿ. ಮೊದಲು ತಲೆಯ ಕಡೆ ಎತ್ತರಿಸಿ, ಆಮೇಲೆ ಕಾಲು ಇಳಿಬಿಟ್ಟು, ತಲೆ ಸುತ್ತದಿದ್ದರೆ ನಿಲ್ಲಿಸುವುದು.

ಮನೆಗೆ ಬಂದ ಮೇಲೆ

ಆರು ತಿಂಗಳ ಹೊತ್ತಿಗೆ 100ರಲ್ಲಿ ಸುಮಾರು 80 ಜನ ಯಾರ ಸಹಾಯವೂ ಇಲ್ಲದೆ ನಡೆಯುತ್ತಾರೆ. ಅಲ್ಲಿಯವರೆಗೆ ವ್ಯಾಯಾಮ ಬೇಕು, ಹಟ ಬೇಡ. ಇಂದಿನ ವ್ಯಾಯಾಮದಿಂದ ನಾಳೆ ಬೆಳಿಗ್ಗೆ ಕಾಲು ಇನ್ನಷ್ಟು ಭಾರವೆನಿಸಿದರೆ ಇಂದಿನದು ಜಾಸ್ತಿಯಾಯಿತು, ಅರ್ಧಕ್ಕಿಳಿಸಿ. ಹತ್ತು ನಿಮಿಷದಂತೆ ನಾಲ್ಕು ಸಲ ಮಾಡುವುದು, ಒಂದೇ ಸಲ ನಲವತ್ತು ನಿಮಿಷ ಮಾಡುವುದಕ್ಕಿಂತ ಮೇಲು. ಭಾರತೀಯ ಶೌಚಾಲಯವಾದರೆ ಕಮೋಡ್ ಕುರ್ಚಿ ತಂದುಕೊಳ್ಳಿ, ಗೋಡೆಗೆ ಹಿಡಿಕೆ ಹಾಕಿಸಿ, ಬಚ್ಚಲಲ್ಲಿ ಸ್ಟೂಲಿಡಿ. ಹವಾಯಿ ಬಿಟ್ಟು ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿಸಿ. ಪಾದಕ್ಕೆ ಸ್ಪರ್ಶ ಪೂರ್ತಿ ಬರುವವರೆಗೆ ಬಿಸಿನೀರಿನ ಹದವನ್ನು ಮನೆಯವರೇ ಕೈಯಿಟ್ಟು ನೋಡಿ.

ಮೊದಲ ಎಂಟು ವಾರ ವಾರಕ್ಕೊಮ್ಮೆ ಹಿಮ್ಮಡಿ ನಡಿಗೆ, ಕೈಯೂರದೆ ಏಳುವುದು, ಕತ್ತು ಎತ್ತುವುದು, ಒಂದೇ ಉಸಿರಿನ ಎಣಿಕೆ, ಈ ನಾಲ್ಕನ್ನೂ ನೋಡಿ ಬರೆದಿಡಿ. 10ರಲ್ಲಿ ಒಬ್ಬರಿಗೆ ಈ ಅವಧಿಯಲ್ಲಿ ಚೇತರಿಕೆಯ ನಡುವೆ ಮತ್ತೆ ಸೋಲು ಮರುಕಳಿಸುತ್ತದೆ, ಆಗ ಚಿಕಿತ್ಸೆಯನ್ನೂ ಮತ್ತೆ ಕೊಡಬೇಕಾಗಬಹುದು. ಎಂಟು ವಾರ ದಾಟಿದ ಮೇಲೂ ಸೋಲು ಹೆಚ್ಚುತ್ತಲೇ ಹೋದರೆ ಅದು ಸಿಐಡಿಪಿ ಎಂಬ ದೀರ್ಘಕಾಲದ ನರರೋಗವಿರಬಹುದು. ಜಿಬಿಎಸ್‌ಗೆ ಬೇಡವೆಂದ ಸ್ಟಿರಾಯ್ಡ್ ಅದಕ್ಕೆ ಕೆಲಸ ಮಾಡುತ್ತದೆ. ಆದ್ದರಿಂದ ಡಿಸ್ಚಾರ್ಜ್ ಸಮ್ಮರಿ, ನರಪರೀಕ್ಷೆಯ ರಿಪೋರ್ಟ್, ನಿಮ್ಮ ದಿನಾಂಕದ ಚೀಟಿ ಮೂರನ್ನೂ ಒಂದೇ ಫೈಲಿನಲ್ಲಿಟ್ಟು ಅದೇ ವೈದ್ಯರಲ್ಲಿಗೆ ಒಯ್ಯಿರಿ.